ಕುರ್ಚಿಯ ಅಡಿಗೊಂದು ಚೀಟಿ ಅಂಟಿಸಿ

ಮೈಸೂರಿನ ಕುವೆಂಪುನಗರದಲ್ಲಿ ನಮ್ಮ ಬೀದಿಯ ತುದಿಗೆ ಕಸದ ಗಾಡಿ ಬಂದು ನಿಲ್ಲುವ ಜಾಗವೊಂದಿದೆ. ಮುರಿದ ಬಕೆಟ್ಟು, ಹರಿದ ಹಾಸಿಗೆ, ತೂತು ಬಿದ್ದ ಸಿಂಟೆಕ್ಸ್ ಮುಚ್ಚಳ ಅಲ್ಲಿನ ಹಳೆಯ ನೆಂಟರು. ಈಚೆಗೆ ಅವುಗಳ ಜೊತೆಗೆ ಆಫೀಸ್ ಕುರ್ಚಿಗಳೂ ಬಂದು ಕೂರುತ್ತಿವೆ. ಕಪ್ಪು ನೆಟ್ಟಿನ ಬೆನ್ನು, ಎರಡು ಕೈ, ಐದು ಗಾಲಿ. ಹತ್ತಿರ ಹೋಗಿ ನೋಡಿದರೆ ಬೆನ್ನು ಹರಿದಿರುವುದಿಲ್ಲ, ಗಾಲಿ ಉರುಳುತ್ತಿರುತ್ತದೆ, ಕೈಗಳೂ ಗಟ್ಟಿಯಾಗಿಯೇ ಇರುತ್ತವೆ. ಕೂತರೆ ಮಾತ್ರ ನಿಧಾನವಾಗಿ ನೆಲದ ಕಡೆಗೆ ಇಳಿಯುತ್ತವೆ. 2020ರ ಮಾರ್ಚ್ ಕೊನೆಗೆ ಮನೆಗಳೆಲ್ಲ ಆಫೀಸುಗಳಾದವಲ್ಲ, ಅಲ್ಲಿಂದೀಚೆಗೆ ಕೊಂಡ ಕುರ್ಚಿಗಳು ಒಂದೊಂದಾಗಿ ಬೀದಿಗೆ ಬೀಳುತ್ತಿವೆ.

ಇಳಿಯುವ ಕುರ್ಚಿಗಳಿಗೆ ಬಂದಿರುವ ಕಾಯಿಲೆ ಸಾಮಾನ್ಯವಾಗಿ ಒಂದೇ. ಅದಕ್ಕೆ ಮದ್ದಿದೆ, ಮದ್ದಿನ ಬೆಲೆ ಹೊಸ ಕುರ್ಚಿಯ ಹತ್ತನೇ ಒಂದು ಭಾಗ ಹಿಡಿಯಬಹುದು. ಕುರ್ಚಿ ಮಾಡಿದವರಿಗೆ ಇದು ಗೊತ್ತು, ಮಾರಿದವರಿಗೂ ಗೊತ್ತು. ಕೊಂಡವರಿಗೆ ಹೇಳುವುದಿಲ್ಲ. ನನ್ನ ತಕರಾರು ಇಷ್ಟೇ.

ನಾನು ಅಚ್ಚಿಗೆ ಹೋಗುವ ಪುಸ್ತಕಗಳ ಕರಡು ತಿದ್ದುವವಳು. ಪುಟಕ್ಕಿಷ್ಟು ಎಂದು ಹಣ. ಕಾಗದದ ಮೇಲೆ ತಿದ್ದುತ್ತಿದ್ದ ಕಾಲದಲ್ಲಿ ಮಂಚವಾದರೂ ಆಗುತ್ತಿತ್ತು, ಜಗಲಿಯಾದರೂ ಆಗುತ್ತಿತ್ತು. ಕಾಲು ಮಡಚಿ, ತೊಡೆಯ ಮೇಲೊಂದು ರಟ್ಟು ಇಟ್ಟುಕೊಂಡು ಕೆಂಪು ಪೆನ್ನು ಹಿಡಿದರೆ ಊಟದ ಹೊತ್ತಿನವರೆಗೆ ಏಳುತ್ತಿರಲಿಲ್ಲ. ಈಗ ಕಣ್ಣು ಪರದೆಗೆ, ಕೈ ಕೀಬೋರ್ಡಿಗೆ ಕಟ್ಟಿಬಿದ್ದಿವೆ. ಮೇಜಿನ ಎತ್ತರ ಸುಮಾರು 75 ಸೆಂಟಿಮೀಟರ್, ಅದು ಬದಲಾಗುವುದಿಲ್ಲ. ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕಾದರೆ ಬದಲಾಗಬೇಕಾದದ್ದು ಕುರ್ಚಿಯೇ. ಅದು ನಾಲ್ಕು ಬೆರಳು ಇಳಿದರೆ ಭುಜ ಕಿವಿಯ ಹತ್ತಿರ ಹೋಗಿ ಕೂರುತ್ತದೆ, ಸಂಜೆಯ ಹೊತ್ತಿಗೆ ಕತ್ತು ಹಿಡಿದುಕೊಳ್ಳುತ್ತದೆ. ಒತ್ತಕ್ಷರ ತಪ್ಪಿದ್ದನ್ನು ಹುಡುಕುವ ಕೆಲಸಕ್ಕೆ ಕತ್ತು ನೆಟ್ಟಗಿರಬೇಕು.

ನನ್ನ ಕುರ್ಚಿ ವಾರಂಟಿ ಇನ್ನೂ ಇರುವಾಗಲೇ ಇಳಿಯಲು ಶುರುಮಾಡಿತು. ಬೆಂಗಳೂರಿನಲ್ಲಿರುವ ಮಗ ಆನ್‌ಲೈನಿನಲ್ಲಿ ತರಿಸಿಕೊಟ್ಟದ್ದು, ಸುಮಾರು ಒಂಬತ್ತು ಸಾವಿರದ್ದು. ಕಂಪನಿಯ ಹೆಸರು ಇಲ್ಲಿ ಬೇಡ. ಇದು ಒಬ್ಬರ ಕಥೆಯಲ್ಲ. ಫೋನಿಗೆ ಸಿಕ್ಕ ಹುಡುಗ ಬಹಳ ಮರ್ಯಾದೆಯಿಂದ ಮಾತಾಡಿದ. “ಮೇಡಂ, ಕುರ್ಚಿ ಇಳಿಯೋದನ್ನ ಒಂದು ವಿಡಿಯೊ ಮಾಡಿ ಕಳಿಸಿ” ಅಂದ. ನಮ್ಮ ಮನೆಯವರು ಮೊಬೈಲು ಹಿಡಿದು ನಿಂತರು, ನಾನು ಕೂತೆ. ಮುಖದಲ್ಲಿ ಯಾವ ಭಾವವೂ ಇಲ್ಲದೆ ಚೌಕಟ್ಟಿನಿಂದ ಕೆಳಗೆ ಸರಿದುಹೋಗುವ ಹೆಂಗಸಿನ ಆ ವಿಡಿಯೊ ಈಗ ನಮ್ಮ ನೆಂಟರ ವಾಟ್ಸ್ಆ್ಯಪ್ ಗುಂಪಿನಲ್ಲೆಲ್ಲ ಓಡಾಡುತ್ತಿದೆ. ವಿಡಿಯೊ ನೋಡಿದ ಮೇಲೆ ಕಂಪನಿಯ ಉತ್ತರ ಬಂತು: ಕುರ್ಚಿಯನ್ನು ಬಿಚ್ಚಿ, ಬಂದಿದ್ದ ಡಬ್ಬದಲ್ಲೇ ತುಂಬಿ ಇಟ್ಟರೆ ಬಂದು ತೆಗೆದುಕೊಂಡು ಹೋಗುತ್ತಾರೆ, ಅದೇ ಮಾಡೆಲ್ ಸ್ಟಾಕಿನಲ್ಲಿ ಇಲ್ಲದ್ದರಿಂದ ಕೂಪನ್ ಕೊಡುತ್ತಾರೆ.

ಅಷ್ಟು ದೊಡ್ಡ ರಟ್ಟಿನ ಡಬ್ಬವನ್ನು ಯಾರು ಇಟ್ಟುಕೊಳ್ಳುತ್ತಾರೆ? ನಮ್ಮದು ಎಂದೋ ಹಳೇ ಪೇಪರಿನವನ ಸೈಕಲ್ಲೇರಿತ್ತು. “ಕುರ್ಚಿ ಬೇಡಪ್ಪ, ಹೋಗಿರೋದು ನಡುವಿನ ಕಂಬ, ಅದೊಂದನ್ನೇ ಕಳಿಸಿಕೊಡಿ” ಅಂದೆ. “ಅದೊಂದನ್ನೇ ಕಳಿಸೋ ಆಪ್ಷನ್ ನಮ್ಮ ಸಿಸ್ಟಮ್‌ನಲ್ಲಿ ಇಲ್ಲ ಮೇಡಂ” ಅಂದ. ಆ ಹುಡುಗನ ಮೇಲೆ ನನಗೆ ಕೋಪವಿಲ್ಲ. ಅವನು ಸಹ ಎಲ್ಲೋ ಒಂದು ಇಂಥದೇ ಕುರ್ಚಿಯಲ್ಲಿ ಕೂತು ಎದುರಿನ ಪರದೆಯಲ್ಲಿ ಇದ್ದದ್ದನ್ನು ಓದುತ್ತಿದ್ದ.

ವೃತ್ತಿಯ ಚಾಳಿ, ವಾರಂಟಿ ಕಾರ್ಡನ್ನು ಪೂರ್ತಿ ಓದಿದೆ. ಭೂತಗನ್ನಡಿ ಬೇಕಾಯಿತು ಎನ್ನುವುದನ್ನು ಬಿಡಿ. ‘ತಯಾರಿಕೆಯ ದೋಷಕ್ಕೆ’ ವಾರಂಟಿ ಉಂಟು, ‘ಸಾಮಾನ್ಯ ಸವೆತಕ್ಕೆ’ ಇಲ್ಲ. ಯಾವುದು ದೋಷ, ಯಾವುದು ಸವೆತ ಎಂದು ಹೇಳುವವರು ಯಾರು? ಅದೇ ಕಂಪನಿ. ಗಾಲಿ, ನೆಟ್ಟು, ಫೋಮು, ಬಟ್ಟೆ ಯಾವುದಕ್ಕೂ ವಾರಂಟಿ ಇಲ್ಲ. ಜೋಡಣೆಯಲ್ಲಿ ತಪ್ಪಾಗಿದ್ದರೆ ಇಲ್ಲ, ಆದರೆ ಜೋಡಿಸಬೇಕಾದವರು ನಾವು, ಅವರು ಕೊಟ್ಟ ಒಂದು ಬಾಗಿದ ಅಲೆನ್ ಕೀ ಹಿಡಿದು, ಅಕ್ಷರವೇ ಇಲ್ಲದ ಚಿತ್ರ ನೋಡಿಕೊಂಡು. ಎಲ್ಲ ಕಳೆದು ಉಳಿದದ್ದು ಏನೆಂದು ನೋಡಿದರೆ ಕುರ್ಚಿಯಲ್ಲಿ ಹಾಳಾಗದೇ ಇರುವ ಭಾಗಗಳಿಗೆಲ್ಲ ಭರವಸೆ ಇತ್ತು. ಲೇಖಕರು ಹೀಗೆ ಬರೆದುಕೊಟ್ಟರೆ ನಾನು ಅಂಚಿನಲ್ಲಿ ಪ್ರಶ್ನಾರ್ಥಕ ಹಾಕಿ ವಾಪಸು ಕಳಿಸುತ್ತೇನೆ.

ಕಾನೂನು ನಮ್ಮ ಕಡೆ ಇಲ್ಲವೆಂದೇನೂ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈನಿಂದ ಜಾರಿಯಲ್ಲಿದೆ. ಕಂಪನಿ ಗುರುಗ್ರಾಮದಲ್ಲಿರಲಿ, ಮುಂಬೈಯಲ್ಲಿರಲಿ, ನಾವು ಇರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಕೊಂಡ ವಸ್ತುವಿನ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಆನ್‌ಲೈನ್ ಮಾರಾಟಕ್ಕೆ 2020ರಲ್ಲಿ ಬಂದ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. 1915ಕ್ಕೆ ಫೋನು ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಸಿಗುತ್ತದೆ. ಕುರ್ಚಿ ಬರುವಾಗಲೇ ಮುರಿದು ಬಂದಿದ್ದರೆ, ಕೊಟ್ಟ ಮಾತಿನಂತೆ ಬದಲಿ ಕೊಡದಿದ್ದರೆ ಇದನ್ನೆಲ್ಲ ಧಾರಾಳವಾಗಿ ಬಳಸಿ. ಆದರೆ ಕೆಲವು ನೂರು ರೂಪಾಯಿಯ ಕಂಬವೊಂದಕ್ಕಾಗಿ ಆಯೋಗದ ಮೆಟ್ಟಿಲು ಹತ್ತುವ ಪುರುಸೊತ್ತು ಕೂಲಿ ಲೆಕ್ಕದಲ್ಲಿ ಕೆಲಸ ಮಾಡುವ ಎಷ್ಟು ಜನಕ್ಕಿದೆ? ನಮಗೆ ಪುರುಸೊತ್ತಿಲ್ಲ ಎನ್ನುವುದು ಅವರ ಲೆಕ್ಕಾಚಾರದೊಳಗೇ ಇದೆ.

ನಾನು ಹೋದದ್ದು ಮಂಡಿ ಮೊಹಲ್ಲಾಕ್ಕೆ. ಅಲ್ಲಿ ಗುಜರಿ ಅಂಗಡಿಗಳ ಪಕ್ಕದ ಒಳಗಲ್ಲಿಯಲ್ಲಿ ಸೋಫಾ, ಕಾರಿನ ಸೀಟು, ರಿವಾಲ್ವಿಂಗ್ ಚೇರು ರಿಪೇರಿ ಮಾಡುವ ಒಬ್ಬರಿದ್ದಾರೆ. ಅರವತ್ತರ ಆಸುಪಾಸು, ಮಾತು ಕಡಿಮೆ. ಆಟೊದಿಂದ ಕುರ್ಚಿ ಇಳಿಸುವ ಮೊದಲೇ “ಹೈಡ್ರಾಲಿಕ್ ಹೋಗಿದೆ ಬಿಡಮ್ಮ” ಅಂದರು. ಅಂಗಡಿಗಳಲ್ಲಿ ಅದರ ಹೆಸರು ಅದೇ, ನೀವೂ ಹಾಗೇ ಕೇಳಿ. ಒಳಗಿರುವುದು ಮಾತ್ರ ನೈಟ್ರೋಜನ್ ಅನಿಲ. ಸೈಕಲ್ ಪಂಪಿನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಹಿಡಿ ಒತ್ತಿದರೆ ಗಾಳಿ ಹೇಗೆ ತಿರುಗಿ ನೂಕುತ್ತದೋ ಹಾಗೆ ಒತ್ತಡದಲ್ಲಿರುವ ಆ ಅನಿಲ ನಮ್ಮ ಭಾರವನ್ನು ಹೊತ್ತಿರುತ್ತದೆ. ಕಂಬದ ನೆತ್ತಿಯಲ್ಲಿ ಒಂದು ಪುಟ್ಟ ಗುಂಡಿ ಇದೆ. ಸೀಟಿನ ಪಕ್ಕದ ಲಿವರ್ ಎತ್ತಿದಾಗ ಅದು ಒತ್ತಿಕೊಂಡು ಒಳಗಿನ ವಾಲ್ವ್ ತೆರೆಯುತ್ತದೆ, ಕುರ್ಚಿ ಏರುತ್ತದೆ ಅಥವಾ ಇಳಿಯುತ್ತದೆ. ಲಿವರ್ ಬಿಟ್ಟರೆ ವಾಲ್ವ್ ಮುಚ್ಚಿ ಅಲ್ಲೇ ನಿಲ್ಲುತ್ತದೆ. ಒಳಗಿನ ರಬ್ಬರ್ ಸೀಲು ಸವೆದರೆ ಅನಿಲ ನಿಲ್ಲುವುದಿಲ್ಲ, ನಾವೂ ನಿಲ್ಲುವುದಿಲ್ಲ.

ಅವರು ಮೊದಲು ಮಾಡಿದ ಕೆಲಸ ನನಗೆ ಬಹಳ ಹಿಡಿಸಿತು. ಕುರ್ಚಿಯನ್ನು ಮಗುಚಿ ಹಾಕಿ ಲಿವರ್ ಆ ಗುಂಡಿಯ ಮೇಲೆ ಸುಮ್ಮಸುಮ್ಮನೆ ಒತ್ತಿಕೊಂಡಿದೆಯೇ ಎಂದು ನೋಡಿದರು. ಎಷ್ಟೋ ಕುರ್ಚಿಗಳಲ್ಲಿ ಕಂಬ ಚೆನ್ನಾಗಿಯೇ ಇರುತ್ತದಂತೆ. ಲಿವರ್ ಬಾಗಿ ಗುಂಡಿಯನ್ನು ಸದಾ ಒತ್ತಿ ಹಿಡಿದಿರುತ್ತದೆ, ಅದನ್ನು ಕೈಯಲ್ಲೇ ಸ್ವಲ್ಪ ಎತ್ತಿ ಬಗ್ಗಿಸಿದರೆ ಕೆಲಸ ಮುಗಿಯಿತು, ದುಡ್ಡಿಲ್ಲ. ಈ ಒಂದು ಸಾಲನ್ನು ಕಂಪನಿಯ ಹುಡುಗನ ಪರದೆಯ ಮೇಲೆ ಬರೆದಿಟ್ಟಿದ್ದರೆ ಎಷ್ಟು ಕುರ್ಚಿಗಳು ನಮ್ಮ ಬೀದಿಯ ತುದಿಗೆ ಬರುವುದು ತಪ್ಪುತ್ತಿತ್ತೋ. ನನ್ನದರಲ್ಲಿ ಸೀಲೇ ಹೋಗಿತ್ತು.

ಕಂಬವನ್ನು ಹಿಡಿದಿಟ್ಟಿರುವ ಬೋಲ್ಟು ಎಲ್ಲಿದೆ ಎಂದು ಹುಡುಕಿದೆ. ಬೋಲ್ಟೇ ಇಲ್ಲ. ಕಂಬದ ಎರಡೂ ತುದಿ ತುಸು ಚೂಪಾಗಿದ್ದು ಮೇಲೆ ಸೀಟಿನ ತಟ್ಟೆಗೂ ಕೆಳಗೆ ಐದು ಕಾಲಿನ ಸ್ಟಾರ್ ಬೇಸಿಗೂ ಬರೀ ಬಿಗಿಯಾಗಿ ಕಚ್ಚಿಕೊಂಡಿರುತ್ತದೆ. ಹೊಸ ಕಂಬ ಹಾಕಿದ ಮೇಲೆ ಬಿಗಿ ಮಾಡುವುದು ಹೇಗೆ ಎಂದರೆ, ಮೇಲೆ ಕೂರುವುದು. ಕೂತಷ್ಟೂ ಬಿಗಿಯುತ್ತದೆ. ಹಾಗಾಗಿ ಹಳೆಯದನ್ನು ಬಿಡಿಸುವುದೇ ಕಷ್ಟ. ಬೇಸನ್ನು ಸುತ್ತಿಗೆಯಿಂದ ಸುತ್ತಲೂ ಬಡಿದು ಬಿಡಿಸಿದರು. ಸೀಟಿನ ಕಡೆಗೆ ಒಂದಿಷ್ಟು ಎಣ್ಣೆ ಬಿಟ್ಟು, ಬೀಡಿ ಸೇದಿ ಬಂದು, ಪೈಪ್ ರೆಂಚ್ ಹಾಕಿ ತಿರುಗಿಸಿದರು. ಹೊಸ ಕಂಬ, ಕೂಲಿ ಎಲ್ಲ ಸೇರಿ ಎಂಟುನೂರು ರೂಪಾಯಿ.

“ಯಾವ ಕಂಪನಿ ಕುರ್ಚಿಯದು ಈ ಕಂಬ?” ಎಂದು ಕೇಳಿದೆ. ಅವರು ನಕ್ಕರು. “ಎಲ್ಲಾದಕ್ಕೂ ಇದೇ ಅಮ್ಮ. ಉದ್ದದ್ದು ಒಂದು, ಗಿಡ್ಡದ್ದು ಒಂದು ಇಟ್ಟುಕೊಂಡಿರ್ತೀನಿ, ಮೈಸೂರಿನ ಮುಕ್ಕಾಲು ಕುರ್ಚಿ ಅದರಲ್ಲೇ ಹೋಗುತ್ತೆ.”

ನಿಜವೇ. ಹೊರಗಿನ ಕೊಳವೆ 50 ಮಿಲಿಮೀಟರ್, ಒಳಗಿನದು 28, ಗಾಲಿಯ ಮೊಳೆ 11. ನಮ್ಮ ಮಾರುಕಟ್ಟೆಯ ಬಹುತೇಕ ಕುರ್ಚಿಗಳಲ್ಲಿ ಅಳತೆ ಇದೇ, ಆರು ಸಾವಿರದ್ದಾಗಲಿ ಇಪ್ಪತ್ತು ಸಾವಿರದ್ದಾಗಲಿ. ಬೆನ್ನಿನ ಆಕಾರ ಬೇರೆ, ಬ್ರ್ಯಾಂಡಿನ ಹೆಸರು ಬೇರೆ, ಜಾಹೀರಾತಿನ ಡಾಕ್ಟರು ಬೇರೆ, ಕೆಳಗಿನ ಸಾಮಾನು ಒಂದೇ. ಇಷ್ಟು ಸುಲಭವಾಗಿ ರಿಪೇರಿಯಾಗುವ ವಸ್ತು ಮನೆಯಲ್ಲಿ ಇನ್ನೊಂದಿರಲಾರದು. ಮೊಬೈಲಿನ ಹಾಗೆ ಅಂಟು ಹಾಕಿ ಮುಚ್ಚಿಲ್ಲ, ಸಾಫ್ಟ್‌ವೇರಿನ ಬೀಗವಿಲ್ಲ. ಆದರೂ ಬೀದಿಗೆ ಬೀಳುತ್ತದೆ, ಏಕೆಂದರೆ ಕಂಬ ಬದಲಾಯಿಸಬಹುದು ಎಂಬ ಸುದ್ದಿಯೇ ಕೊಂಡವರನ್ನು ತಲುಪಿಲ್ಲ.

ರಿಪೇರಿಯವರು ಸಿಗದ ಊರಿನಲ್ಲಿದ್ದೀರಾದರೆ ಒಂದು ತಾತ್ಕಾಲಿಕ ಉಪಾಯವಿದೆ, ಪ್ಲಂಬರ್ ಬಿಟ್ಟುಹೋದ ಪಿವಿಸಿ ಪೈಪಿನ ತುಂಡು. ಒಂದೂಕಾಲು ಇಂಚಿನದಾದರೆ ಸರಿಹೋಗುತ್ತದೆ. ಕುರ್ಚಿಯನ್ನು ನಿಮಗೆ ಬೇಕಾದ ಎತ್ತರಕ್ಕೆ ಎತ್ತಿದಾಗ ಹೊಳೆಯುವ ಒಳಗಿನ ಕೊಳವೆ ಎಷ್ಟು ಕಾಣುತ್ತದೋ ಅಷ್ಟುದ್ದ ಕತ್ತರಿಸಿ, ಉದ್ದಕ್ಕೂ ಒಂದು ಕಡೆ ಸೀಳಿ, ಅದರ ಸುತ್ತ ಸಿಕ್ಕಿಸಿ. ಕುರ್ಚಿ ಇಳಿಯುವುದು ನಿಲ್ಲುತ್ತದೆ. ಏರಿಸಿ ಇಳಿಸಿ ಮಾಡಲಾಗುವುದಿಲ್ಲ, ನಿಜ. ಆದರೆ ದಿನಕ್ಕೆರಡು ಬಾರಿ ಕುರ್ಚಿಯ ಎತ್ತರ ಬದಲಾಯಿಸುವವರನ್ನು ನಾನಂತೂ ಕಂಡಿಲ್ಲ. ಒಂದು ಮಾತು ಮಾತ್ರ ನೆನಪಿರಲಿ: ಕಂಬಕ್ಕೆ ಡ್ರಿಲ್ ಹಾಕಬೇಡಿ, ಕೊಯ್ಯಬೇಡಿ, ಬಿಸಿ ಮಾಡಬೇಡಿ. ಇಳಿಯುತ್ತಿದ್ದರೂ ಒಳಗೆ ಒತ್ತಡ ಉಳಿದಿರುತ್ತದೆ. ಗುಜರಿಗೆ ಕೊಡುವಾಗಲೂ ಹೇಳಿ ಕೊಡಿ.

ಗಾಲಿ ತಿರುಗದಿದ್ದರೆ ಮುಕ್ಕಾಲು ಪಾಲು ನಮ್ಮ ಕೂದಲೇ ಕಾರಣ. ಎಳೆದರೆ ಗಾಲಿ ಕೈಗೆ ಬರುತ್ತದೆ, ಅದಕ್ಕೂ ಬೋಲ್ಟಿಲ್ಲ. ಸೂಜಿಯಲ್ಲಿ ಸುತ್ತಿಕೊಂಡದ್ದನ್ನು ಬಿಡಿಸಿ ತಿರುಗಿ ತಳ್ಳಿದರೆ ಆಯಿತು. ರೆಕ್ಸಿನ್ನಿನ ಕುರ್ಚಿಗೆ ಮಾತ್ರ ನನ್ನಲ್ಲಿ ಮದ್ದಿಲ್ಲ. ಮಂಗಳೂರಿನ ನಮ್ಮ ನಾದಿನಿ ಮನೆಯಲ್ಲಿ ಅದು ತೇವದ ಗಾಳಿಗೆ ಚಕ್ಕೆಚಕ್ಕೆಯಾಗಿ ಸುಲಿದು, ಕೂತೆದ್ದವರ ಬಟ್ಟೆಗೆಲ್ಲ ಕರಿಯ ಪುಡಿ. ಪಾಲಿಯುರೆಥೇನಿಗೆ ತೇವವೆಂದರೆ ಆಗದು. ಕರಾವಳಿಯವರು ಬಟ್ಟೆಯದೋ ನೆಟ್ಟಿನದೋ ಕೊಳ್ಳುವುದು ಲೇಸು.

ಇನ್ನೊಂದು ವಿಷಯವನ್ನು ಹೇಳದೆ ಬಿಡಲಾರೆ, ರಿಪೇರಿಗೂ ಇದಕ್ಕೂ ನೇರ ಸಂಬಂಧವಿಲ್ಲದಿದ್ದರೂ. ಈ ಕುರ್ಚಿಗಳನ್ನು ನಮ್ಮಂಥ ಐದಡಿ ಎತ್ತರದ ಹೆಂಗಸರ ಅಳತೆ ನೋಡಿ ಮಾಡಿದಂತೆ ಕಾಣುವುದಿಲ್ಲ. ಮೇಜಿಗೆ ಸರಿಯಾಗಿ ಏರಿಸಿಕೊಂಡರೆ ಕಾಲು ನೆಲ ಮುಟ್ಟುವುದಿಲ್ಲ, ಕಾಲಿಗೆ ಸರಿಯಾಗಿ ಇಳಿಸಿಕೊಂಡರೆ ಕೈ ಮೇಜಿಗೆ ಎಟಕುವುದಿಲ್ಲ. ಅಂಗಡಿಯಲ್ಲಿ ಇದಕ್ಕೆ ಕಾಲಿಡುವ ಪೀಠ ಎಂದು ಒಂದೂವರೆ ಸಾವಿರಕ್ಕೆ ಮಾರುತ್ತಾರೆ. ನಾನು ಅತ್ತೆಯ ಕಾಲದ ಹಲಸಿನ ಮಣೆಯನ್ನು ಮೇಜಿನ ಕೆಳಗೆ ಹಾಕಿಕೊಂಡಿದ್ದೇನೆ. ಊಟಕ್ಕೆ ಕೂರುವ ಮಣೆಯ ಮೇಲೆ ಕಾಲಿಡುವುದೇ ಎಂದು ಅತ್ತೆ ಇದ್ದಿದ್ದರೆ ಗದರುತ್ತಿದ್ದರು.

ನಮ್ಮ ಮನೆಯವರ ವಾದವೇ ಬೇರೆ. ಅವರ ತಂದೆ ಮೇಷ್ಟರಾಗಿದ್ದಾಗಿನ ಬೆತ್ತದ ಕುರ್ಚಿ ಹಜಾರದಲ್ಲಿದೆ. “ಅದರಲ್ಲಿ ಕೂತುಕೊಳ್ಳೇ, ಇಳಿಯೋದೂ ಇಲ್ಲ, ಏರೋದೂ ಇಲ್ಲ” ಎನ್ನುತ್ತಾರೆ. ಅದರ ಬೆತ್ತ ಹಲವು ಸಲ ಹರಿದು ಹಲವು ಸಲ ಹೆಣೆಸಿಕೊಂಡಿದೆ. ಹಿಂದೆ ಕಚೇರಿ, ಶಾಲೆಗಳ ಇಂಥ ಕುರ್ಚಿಗಳನ್ನು ಹೆಣೆಯುವ ಕೆಲಸವನ್ನು ಅಂಧರ ಶಾಲೆಗಳಲ್ಲಿ ಕಲಿಸುತ್ತಿದ್ದರು, ಸರ್ಕಾರಿ ಕಚೇರಿಗಳಲ್ಲಿ ಅದಕ್ಕೆಂದೇ ಅಂಧರಿಗೆ ಹುದ್ದೆಗಳೂ ಇದ್ದವು. ಬೆರಳ ತುದಿಯಿಂದಲೇ ಎಣಿಸಿ ಎಳೆ ಹಾಕುತ್ತಿದ್ದರು. ಬೆತ್ತ ಹೋದರೆ ಬೆತ್ತ, ಕೀಲು ಸಡಿಲವಾದರೆ ಒಂದು ಬೆಣೆ, ಮರ ಹಾಗೇ ಉಳಿಯುತ್ತಿತ್ತು. ಗೌರವದಿಂದಲೇ ಹೇಳುತ್ತೇನೆ, ಆ ಕುರ್ಚಿಯಲ್ಲಿ ಕೂತು ಮುನ್ನೂರು ಪುಟದ ಕಾದಂಬರಿಯ ಕರಡು ತಿದ್ದಲು ಆಗುವುದಿಲ್ಲ. ಪೇಪರು ಓದುವುದಕ್ಕೆ ಸರಿ. ಹಿಂದಿನದೇ ಒಳ್ಳೆಯದು ಎಂಬ ವಾದ ನನ್ನದಲ್ಲ. ಸೊಂಟಕ್ಕೆ ಒತ್ತು ಕೊಡುವ, ಒರಗಿದರೆ ಜೊತೆಗೆ ಬರುವ ಕುರ್ಚಿ ಬಂದದ್ದು ಒಳ್ಳೆಯದೇ. ಒಂದು ಭಾಗ ಸವೆದಾಗ ಅದನ್ನು ಮಾತ್ರ ಬದಲಾಯಿಸುವ ಪದ್ಧತಿಯೂ ಅದರ ಜೊತೆಗೆ ಬರಬಹುದಿತ್ತು.

ಸರ್ಕಾರ ಏನೂ ಮಾಡಿಲ್ಲ ಎನ್ನಲಾಗದು. ಕೆಲಸದ ಕುರ್ಚಿಗಳಿಗೆಂದೇ ಭಾರತೀಯ ಮಾನಕ ಬ್ಯೂರೊ 2022ರಲ್ಲಿ ಐಎಸ್ 17631 ಎಂಬ ಮಾನದಂಡ ಹೊರತಂದಿದೆ. 2025ರಲ್ಲಿ ಪೀಠೋಪಕರಣಗಳ ಗುಣಮಟ್ಟ ನಿಯಂತ್ರಣ ಆದೇಶವೂ ಹೊರಟಿತು. ಒಳ್ಳೆಯ ಹೆಜ್ಜೆ. ಆದರೆ ಇಂಥ ಪರೀಕ್ಷೆಯೆಲ್ಲ ಹೊಸ ಕುರ್ಚಿಗೆ. ಮನೆಗೆ ಬಂದು ಹಳತಾದ ಮೇಲೆ ಅದರ ಗತಿ ಏನು ಎನ್ನುವುದು ಬೇರೆ ಪ್ರಶ್ನೆ. ಆ ಪ್ರಶ್ನೆಗೆಂದೇ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ‘ರಿಪೇರಿ ಹಕ್ಕು’ ಕುರಿತು ಸಮಿತಿ ಮಾಡಿತು, ಡಿಸೆಂಬರಿನಲ್ಲಿ ಜಾಲತಾಣವನ್ನೂ ತೆರೆಯಿತು. ಸಮಿತಿ ಆರಿಸಿಕೊಂಡ ವಲಯಗಳು ನಾಲ್ಕು: ಕೃಷಿ ಯಂತ್ರ, ಮೊಬೈಲು ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ. ಪೀಠೋಪಕರಣ ಎಂಬ ವಲಯ ಅಲ್ಲಿಲ್ಲ. ಫ್ರಾನ್ಸ್ 2021ರ ಜನವರಿಯಿಂದ ವಸ್ತುಗಳಿಗೆ ಇಷ್ಟಿಷ್ಟು ರಿಪೇರಿ ಅಂಕ ಎಂದು ಅಂಟಿಸಲು ಶುರುಮಾಡಿದಾಗ ಮೊದಲ ಪಟ್ಟಿಯಲ್ಲಿ ಹುಲ್ಲು ಕತ್ತರಿಸುವ ಯಂತ್ರವೂ ಇತ್ತು. ಹುಲ್ಲಿನ ಯಂತ್ರಕ್ಕೆ ಸಿಕ್ಕ ಜಾಗ ಕುರ್ಚಿಗೂ ಸಿಗಲಿ ಎಂದರೆ ಅತಿಯಾಸೆಯಲ್ಲ. ದಿನಕ್ಕೆ ಎಂಟು ಗಂಟೆ ಅದರ ಮೇಲೆ ಕೂತು ದುಡಿಯುವವರು ಈ ರಾಜ್ಯದಲ್ಲೇ ಕಡಿಮೆಯಿಲ್ಲ. ದೊಡ್ಡ ಕಂಪನಿಯವರಿಗೆ ಮನೆಯ ಕುರ್ಚಿಗೆಂದು ಒಂದಿಷ್ಟು ಹಣವಾದರೂ ಬಂದಿರಬಹುದು. ಡಿಟಿಪಿಯವರು, ಟ್ಯೂಷನ್ ಹೇಳುವವರು, ನನ್ನ ಹಾಗೆ ಪುಟದ ಲೆಕ್ಕದವರು ಕೈಯಿಂದಲೇ ಕೊಳ್ಳುತ್ತೇವೆ.

ಹಾಗೆಂದು ಸಮಿತಿ, ಆದೇಶ, ತಿದ್ದುಪಡಿ ಎಂದು ಕಾಯಬೇಕಾಗಿಯೂ ಇಲ್ಲ. ಕುರ್ಚಿ ಮಾಡುವವರು ನಾಳೆ ಬೆಳಿಗ್ಗೆಯೇ ಮಾಡಬಹುದಾದ ಕೆಲಸವೊಂದಿದೆ. ಸೀಟಿನ ಅಡಿಯಲ್ಲಿ ಒಂದು ಚೀಟಿ ಅಂಟಿಸಲಿ. ಕಂಬದ ಉದ್ದ ಇಷ್ಟು, ದರ್ಜೆ ಇಷ್ಟು, ಗಾಲಿಯ ಮೊಳೆ ಇಷ್ಟು, ಬಿಡಿಭಾಗ ಬೇಕಾದರೆ ಈ ನಂಬರಿಗೆ ಫೋನು ಮಾಡಿ, ಬೆಲೆ ಇಷ್ಟು. ಕನ್ನಡದಲ್ಲೂ ಇದ್ದರೆ ಇನ್ನೂ ಒಳ್ಳೆಯದು, ಕರಡನ್ನು ನಾನೇ ಪುಕ್ಕಟೆ ತಿದ್ದಿಕೊಡುತ್ತೇನೆ. ಅದನ್ನು ಓದಿ ನೀವೇ ಕಂಬ ತರಿಸಿಕೊಳ್ಳಬಹುದು, ಇಲ್ಲ ನಿಮ್ಮೂರಿನ ಸೀಟು ಹೊಲಿಯುವವರ ಕೈಗೆ ಕೊಡಬಹುದು. ಜಾಗವಿಲ್ಲ ಎನ್ನುವ ಹಾಗಿಲ್ಲ, ನನ್ನ ಕುರ್ಚಿಯನ್ನು ಮಗುಚಿದಾಗ ನೋಡಿದ್ದೇನೆ. ಸರಿಯಾಗಿ ಅಷ್ಟೇ ಅಗಲದ ಒಂದು ಸ್ಟಿಕ್ಕರ್ ಅಲ್ಲಿ ಈಗಾಗಲೇ ಇದೆ. ಅದರ ಮೇಲೆ ‘ಕ್ಯೂಸಿ ಪಾಸ್ಡ್’ ಎಂದು ಬರೆದಿದೆ.